ಸಹಿ ಹಾಕದ ಅಫಿಡವಿಟ್

ಟ್ವೈಜಲ್, ನ್ಯೂಜಿಲೆಂಡ್
ಡಿಸೆಂಬರ್ 9

ವಕೀಲರಾದ ಹಾರ್ಗ್ರೀವ್ ಅವರಿಗೆ ನಮಸ್ಕಾರ.

ನೀವು ಕಳಿಸಿದ ಅಫಿಡವಿಟ್ಟನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ. ಬೆಟ್ಟದ ಗಿಡಗಳನ್ನು ಮೇಯ್ದು ಮುಗಿಸುತ್ತವೆಂದು ಸರ್ಕಾರ ಹೆಲಿಕಾಪ್ಟರಿನಿಂದ ಥಾರ್ ಕಾಡುಮೇಕೆಗಳನ್ನು ಕೊಲ್ಲುವುದರ ವಿರುದ್ಧ ಬೇಟೆಯ ಮಾರ್ಗದರ್ಶಕರಾದ ನಾವು ದಾವೆ ಹೂಡಿ ಮೂರು ವರ್ಷವಾಯಿತು. ನನಗಂತೂ ಸಾಕಾಗಿದೆ.

‘ಗುಂಡು ಹಾರಿಸಿದ ಇಳಿಜಾರಿನಲ್ಲಿ ಹೆಣಗಳ ಹೊರತು ಏನೂ ಉಳಿದಿಲ್ಲ’ ಎಂದು ನನ್ನ ಹೆಸರಿನಲ್ಲಿ ಬರೆದಿದ್ದೀರಿ. ಹೋದ ವರ್ಷ ಅದು ನಿಜವೇ ಆಗಿತ್ತು. ಸಹಿಗೆ ಮುಂಚೆ ಇನ್ನೊಮ್ಮೆ ನೋಡಿಬರೋಣವೆಂದು ಭಾನುವಾರ ತಮ್ಮ ಡೂಗಲ್ ಜೊತೆ ಬೆಟ್ಟ ಹತ್ತಿದೆ. ಬಂಡೆಗಳ ಸಂದಿಯಲ್ಲೆಲ್ಲ ಅಗಲ ಎಲೆಯ ಬಿಳಿ ಹೂವು ಅರಳಿತ್ತು. ಥಾರ್‌ಗಳು ಮೊದಲು ಬಾಯಿ ಹಾಕುವುದೇ ಅದಕ್ಕೆ. ಮೂವತ್ತು ವರ್ಷದಲ್ಲಿ ಅಲ್ಲಿ ಅದನ್ನು ನಾನು ಕಂಡಿರಲಿಲ್ಲ.

“ನೋಡ್ಲಿಲ್ಲ ಅಂದ್ಕೊಳ್ಳೇ ಅಕ್ಕಾ,” ಎಂದ ಡೂಗಲ್. “ಹೂ ನೋಡೋಕೆ ಯಾವ ಬೇಟೆಗಾರ ನಮ್ಮ ಹತ್ರ ಬರ್ತಾನೆ?”

“ನೋಡಿಬಿಟ್ನಲ್ಲೋ,” ಎಂದೆ.

ಅವನನ್ನು ದೂರಲಾರೆ. ಮುಂದಿನ ಹಂಗಾಮಿಗೆ ಒಬ್ಬರೂ ಹೆಸರು ಬರೆಸಿಲ್ಲ.

ದಾವೆ ಗೆಲ್ಲಲಿ ಎಂದೇ ನನಗೂ ಆಸೆ. ಆ ಸಾಲು ತೆಗೆದು ಹೂವಿನ ವಿಷಯ ಸೇರಿಸಿ ಕಳಿಸಿದರೆ ಸಹಿ ಹಾಕುತ್ತೇನೆ. ಆಗದಿದ್ದರೆ ನನ್ನ ಹೆಸರು ಬಿಟ್ಟುಬಿಡಿ. ಡೂಗಲ್‌ಗೆ ಮಾತ್ರ ನೀವೇ ಫೋನ್ ಮಾಡಿ ತಿಳಿಸಬೇಕು. ಭಾನುವಾರದಿಂದ ಅವನು ನನ್ನ ಜೊತೆ ಮಾತಾಡುತ್ತಿಲ್ಲ.

ಇಂತು,
ಐಲ್ಸಾ ಮೆಕ್ರೇ