ನಿಮ್ಮ ಬೋರ್ಡು, ನನ್ನ ಅಕ್ಕ, ಕೂಸಿನ ಕಿವಿ

ಜನಜಾಗೃತಿ ಫಲಕಗಳನ್ನು ಬರೆಸುವ ಆರೋಗ್ಯಾಧಿಕಾರಿಗಳೇ,

ಮಾನ್ಯರೇ, ನಮ್ಮ ಭಾಂಡುಪ್ ರೈಲು ಸ್ಟೇಷನ್ನಿನ ಹೊರಗೆ ನೀವು ನಿಲ್ಲಿಸಿರುವ ಬೋರ್ಡಿನಿಂದಾಗಿ ನನ್ನ ಅಕ್ಕ ನನ್ನ ಮಗಳನ್ನು ಮುಟ್ಟುತ್ತಿಲ್ಲ. ‘ಸ್ತನ ಕ್ಯಾನ್ಸರಿಗೆ ವೈರಸ್ ಸೋಂಕು ಕಾರಣ? ಎಚ್ಚರ!’ ಎಂದು ಮರಾಠಿಯಲ್ಲಿ ಆಳೆತ್ತರ ಬರೆಸಿದ್ದೀರಿ. ಕೆಳಗೆ, ಪಾನ್ ಉಗುಳುವವರ ಮಟ್ಟದಲ್ಲಿ, ‘ಸಂಬಂಧ ಇನ್ನೂ ಸಾಬೀತಾಗಿಲ್ಲ, ಸಂಶೋಧನೆ ನಡೆದಿದೆ’ ಎಂದೂ ಇದೆ. ಅನುಮಾನಕ್ಕೆ ಅಷ್ಟು ಬಣ್ಣ ಸುರಿದ ಮೇಲೆ ಸತ್ಯಕ್ಕೆ ಉಳಿದದ್ದು ಇಷ್ಟೇ ಜಾಗವೇ?

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಾನು ಔಷಧ ಕಂಪನಿಯ ಸೇಲ್ಸ್‌ಮನ್. ಔಷಧದ ಚೀಟಿಯ ಸಣ್ಣಕ್ಷರಗಳ ಅನ್ನವನ್ನೇ ಉಣ್ಣುವವನು. ಆದರೂ ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಬುದ್ಧಿ. ಹೋದ ತಿಂಗಳು ಮಗಳ ತೊಟ್ಟಿಲ ಕಾರ್ಯವಿತ್ತು. ನಮ್ಮ ಧಾರವಾಡದ ಕಡೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳುವಾಗ ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಸ್ತನದ ಆಪರೇಷನ್, ಕೀಮೋ ಎಲ್ಲ ಮುಗಿಸಿದ್ದ ಅಕ್ಕ ಬಸಲಿಂಗವ್ವ ಬೊರಿವಲಿಯಿಂದ ಲೋಕಲ್ ರೈಲು ಬದಲಿಸಿ ಬಂದಿದ್ದಳು. ಕೈಯಲ್ಲಿ ಕೂಸಿನ ತಲೆ-ಬೆನ್ನು ಮುಚ್ಚಲು ತಾನೇ ಹೊಲಿದ ಕುಂಚಿಗೆ. “ಮೆತ್ತಗ ಗುದ್ರೆವಾ, ನಾ ರಿಪೇರಿ ಆಗಿ ಬಂದ ಗಾಡಿ” ಎಂದು ಬಾಗಿಲಲ್ಲೇ ಎಲ್ಲರನ್ನೂ ನಗಿಸಿದಳು.

ನಾನು ಅವಳನ್ನು ಪಕ್ಕಕ್ಕೆ ಕರೆದೆ. “ಅಕ್ಕಾ, ನೀ ಕುರ್ಚಿ ಮ್ಯಾಲ ಕೂಡು. ಹೆಸರು ವೈಶಾಲಿ ಹೇಳ್ತಾಳ. ಸ್ಟೇಷನ್ ಹೊರಗಿನ ಬೋರ್ಡ್ ನೋಡೀಯಲ್ಲ, ಕೂಸು ಇನ್ನೂ ಸಣ್ಣದು” ಅಂದೆ. ವೈಶಾಲಿ ನಮ್ಮ ಚಿಕ್ಕಪ್ಪನ ಮಗಳು. ಅಕ್ಕ ಜಗಳವಾಡಲಿಲ್ಲ. ಕುಂಚಿಗೆಯನ್ನು ನನ್ನ ಹೆಂಡತಿ ಮಾಧುರಿಯ ಕೈಗೆ ಕೊಡದೆ ಕುರ್ಚಿಯ ಮೇಲಿಟ್ಟಳು. “ಬಿಸಿನೀರಾಗ ತೊಳದು ಹಾಕ್ರಿ” ಎಂದು ಉಣ್ಣದೆ ಹೋದಳು. ಒಳಗೆ ವೈಶಾಲಿಯ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅದು ನನಗೆ ಬೀಳಬೇಕಿತ್ತು.

ಮರುದಿನ ಅಕ್ಕನ ಡಾಕ್ಟರನ್ನು ಕೇಳಿದೆ. “ಕೆಲವರ ಗಡ್ಡೆಯಲ್ಲಿ ವೈರಸ್ಸಿನ ಗುರುತು ಸಿಕ್ಕಿದೆ, ಕೆಲವರಲ್ಲಿ ಸಿಕ್ಕಿಲ್ಲ. ಅದೇ ಕಾರಣ ಅಂತ ಇನ್ನೂ ಸಿದ್ಧವಾಗಿಲ್ಲ. ಆದರೆ ಮುಟ್ಟಿದರೆ, ಉಸಿರು ತಾಗಿದರೆ ಕ್ಯಾನ್ಸರ್ ಹತ್ತೋದಿಲ್ಲ” ಎಂದರು. ಇದನ್ನು ಕಾರ್ಯಕ್ಕೆ ಮೊದಲೇ ಕೇಳಬಹುದಿತ್ತು. ನೀವು ಹೆದರಿಸಿದಿರಿ ನಿಜ; ಹೆದರಲು ನಾನು ತಯಾರಾಗಿಯೇ ಇದ್ದೆ. ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಮಗಳನ್ನೆತ್ತಿಕೊಂಡು ಬೊರಿವಲಿಗೆ ಹೋಗಿ ಅಕ್ಕನ ಕಾಲು ಹಿಡಿದೆ, ಡಾಕ್ಟರ ಮಾತು ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ದೂರದಿಂದಲೇ ಕೂಸನ್ನು ನೋಡಿದಳು.

“ಬೋರ್ಡ್ ತಗದಾರೇನು?”

“ಇಲ್ಲ.”

“ಹಂಗಾರ ನೀ ಹೇಳೂದು ಖರೇನೋ, ಸರಕಾರ ಬರದದ್ದು ಖರೇನೋ? ನಾಳೆ ಕೂಸಿಗೆ ನೆಗಡಿ ಆದ್ರೂ ನನ್ನ ಕಡೆನ ನೋಡ್ತೀರಿ.”

ಅವಳ ಆ ಪ್ರಶ್ನೆಯನ್ನೇ ನಿಮಗೆ ಕೇಳುತ್ತಿದ್ದೇನೆ. ನಿಮ್ಮಲ್ಲಿ ಉತ್ತರ ಇದೆಯೇ?

ಆದ್ದರಿಂದ ಆ ಬೋರ್ಡನ್ನು ಇಳಿಸಿ. ಅದೇ ಜಾಗದಲ್ಲಿ, ಅದೇ ಆಳೆತ್ತರದಲ್ಲಿ, ‘ಈ ಕಾಯಿಲೆ ಮುಟ್ಟಿದರೆ ಹತ್ತುವುದಿಲ್ಲ, ಕೂಸನ್ನು ಅವರ ಕೈಗೆ ಕೊಡಿ’ ಎಂದು ಬರೆಸಿ. ಬಣ್ಣ ಆರುವ ಮೊದಲೇ ಅಕ್ಕನನ್ನು ಕರೆತಂದು ಅದರೆದುರು ನಿಲ್ಲಿಸುತ್ತೇನೆ. ವೈಶಾಲಿ ಹೇಳಿದ ಹೆಸರಿನಿಂದ ನಾವಿನ್ನೂ ಮಗಳನ್ನು ಕರೆದಿಲ್ಲ. ಅಕ್ಕ ಬಂದು ಅವಳ ಕಿವಿಯಲ್ಲಿ ಹೇಳುವವರೆಗೆ ಅವಳು ನಮ್ಮ ಮನೆಯಲ್ಲಿ ಬರಿಯ ಕೂಸು.

ಇಂತಿ,
ಬೆನ್ನ ಮೇಲೆ ಅಕ್ಕನ ಗುದ್ದು ಬಾಕಿ ಇರುವ
ಗುರುಬಸವ, ಭಾಂಡುಪ್