ಕೆಂಚು ಜುಟ್ಟು

ನೇಪಲ್ಸ್, ಜೂನ್ ೧೪, ೧೭೯೯, ಶುಕ್ರವಾರ. ಗಣರಾಜ್ಯದ ಹೊಸ ತಿಂಗಳ ಹೆಸರು ಬರೆಯಲು ಕೈ ಏಳಲಿಲ್ಲ. ಹಳೆಯದೇ ಇರಲಿ.

ತಮ್ಮ ಅನಿಯೆಲ್ಲೊ ಇನ್ನೂ ಬಂದಿಲ್ಲ.

ಫ್ರೆಂಚರು ಬಂದು ಗಣರಾಜ್ಯ ಕಟ್ಟಿಸಿದ ಜನವರಿಯಲ್ಲಿ ಊರಿನ ಹುಡುಗರೆಲ್ಲ ಕ್ಷೌರ ಮಾಡಿ ಟೋಪನ್ನು, ಸುಳ್ಳು ಕೂದಲು ಕಟ್ಟಿಕೊಡುವ ನನ್ನ ಅಂಗಡಿಗೇ ಬಂದು ಜುಟ್ಟು ಕತ್ತರಿಸಿಕೊಂಡರು. ಜುಟ್ಟು ರಾಜನ ಗುಲಾಮಗಿರಿಯಂತೆ, ಮೋಟುಗೂದಲು ಸ್ವಾತಂತ್ರ್ಯವಂತೆ. ಮೊದಲು ಕುಳಿತವನು ಅನಿಯೆಲ್ಲೊ.

"ಅಣ್ಣ, ನೀನೂ ಕತ್ತರಿಸ್ಕೋ."

"ಮೊದ್ಲು ಗಿರಾಕಿಗಳದ್ದು ಮುಗೀಲಿ ತಡಿಯೋ," ಅಂದೆ.

ಫ್ರೆಂಚರು ಹೊರಟುಹೋದರು. ನಿನ್ನೆ ರಾಜನ ಕಡೆಯ ದಂಡು ನುಗ್ಗಿತು. ಮೋಟುತಲೆ ಕಂಡರೆ ಕೊಲ್ಲುತ್ತಾರೆ. ಅದೇ ಹುಡುಗರು ಈಗ ಹಿಂಬಾಗಿಲಿನಿಂದ ಬಂದು ಸುಳ್ಳು ಜುಟ್ಟು ಕಟ್ಟಿಸಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಅನಿಯೆಲ್ಲೊಗೂ ಕಟ್ಟಿದೆ, ಅಂದು ಕತ್ತರಿಸಿ ಎತ್ತಿಟ್ಟಿದ್ದ ಅವನದೇ ಕೆಂಚು ಕೂದಲಿನಲ್ಲಿ. ನನಗೇ ಗೊತ್ತಾಗದಷ್ಟು ಚೆನ್ನಾಗಿ ಕೂತಿತ್ತು. ಧೈರ್ಯವಾಗಿ ಅಮ್ಮನ ಮನೆಗೆ ಕಳಿಸಿದೆ.

ಮಧ್ಯಾಹ್ನ ಮೀನು ಮಾರುವ ಕಾರ್ಮೊಸೀನಾ ಬಾಗಿಲಲ್ಲಿ ನಿಂತು ನಕ್ಕಳು.

"ಏನ್ ಮೇಸ್ತ್ರಿ, ನಿನ್ ಕೈಕೆಲಸ ನೋಡ್ಕೊಂಡ್ ಬಂದೆ! ಸೇತುವೆ ಹತ್ರ ಒಬ್ಬೊಬ್ರದೂ ಜುಟ್ಟು ಎಳೆದು ನೋಡ್ತಾವ್ರೆ. ಕೈಗೆ ಕಿತ್ತು ಬಂದ್ರೆ ಅವನ ಕಥೆ ಮುಗೀತು."

"ಯಾರದ್ದು ಬಂತು?"

"ಮುಖ ಯಾರ್ ನೋಡ್ತಾರಪ್ಪ? ಕೆಂಚು ಜುಟ್ಟು."

ಕೆಂಚು ಕೂದಲಿನವರು ಊರಲ್ಲಿ ಬೇರೆ ಇಲ್ಲವೇ? ಸೇತುವೆ ದಾಟದೆಯೂ ಅಮ್ಮನ ಮನೆಗೆ ಹೋಗಬಹುದು. ಸ್ವಲ್ಪ ಸುತ್ತು, ಅಷ್ಟೇ. ಗಂಟು ಇನ್ನೂ ಬಿಗಿಯಾಗಿ ಹಾಕಬೇಕಿತ್ತು. ಕಟ್ಟಲೇಬಾರದಿತ್ತು.

ಕೂತಲ್ಲಿ ಕೂರಲಾಗುತ್ತಿಲ್ಲ. ಸಂಜೆಯಿಂದ ನನ್ನ ಜುಟ್ಟನ್ನೇ ಹಿಡಿದು ಎಳೆಯುತ್ತಿದ್ದೇನೆ. ಅಂದು ಕತ್ತರಿಸದೇ ಉಳಿದ ಸ್ವಂತ ಕೂದಲು. ಎಷ್ಟು ಎಳೆದರೂ ಬರುತ್ತಿಲ್ಲ.