ಸುಡದ ನೀಲಿ ಬೆಳಕು

ಅಪ್ಪ,

ಗಂಜಿ ಮುಚ್ಚಿಟ್ಟಿದ್ದೇನೆ, ಚಟ್ನಿ ಪಕ್ಕದಲ್ಲೇ ಉಂಟು. ಮೂಗಿನ ಹುಣ್ಣಿಗೆ ಇವತ್ತು ತೆಂಗಿನೆಣ್ಣೆ ಹಚ್ಚಬೇಡಿ. ನಾನು ಕಟ್ಟಿದ ಬೀಡಿ ಡಿಪೋಗೆ ಕೊಟ್ಟು, ಹತ್ತು ಗಂಟೆಗೆ ಕಟಪಾಡಿಯಲ್ಲಿ ಮಣಿಪಾಲದ ಆಸ್ಪತ್ರೆಯ ಬಸ್ಸಿಗೆ ನಿಮ್ಮನ್ನು ಕಾಯುತ್ತೇನೆ.

"ದುಬೈಯಲ್ಲಿ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದವ ನಾನು. ನೀಲಿ ಬೆಳಕು ಸುಡದೆ ಬಿಡುವುದುಂಟಾ?" ಎಂದು ನಿನ್ನೆ ಆಸ್ಪತ್ರೆಯಲ್ಲಿ ಎದ್ದು ಹೊರಗೆ ಹೋದಿರಲ್ಲ, ಆಗ ನಾನು ಡಾಕ್ಟರಲ್ಲಿ ಕೇಳಿ ಆ ನೀಲಿ ಬೆಳಕಿನ ಪ್ಲಾಸ್ಮಾ ಯಂತ್ರದ ಕೆಳಗೆ ಬೆರಳಿಟ್ಟೆ. ಫ್ಯಾನಿನ ಗಾಳಿಯಷ್ಟೇ ತಂಪು. ಕ್ಯಾನ್ಸರಿನ ಜೀವಕೋಶಗಳು ಮೊದಲೇ ಬಳಲಿರುತ್ತವಂತೆ. ಆ ಬೆಳಕು ತಾಗಿದರೆ ತಡೆಯಲಾರದೆ ತಾವಾಗಿ ಸಾಯುತ್ತವಂತೆ. ಒಳ್ಳೆಯ ಜೀವಕೋಶಗಳು ಸುಧಾರಿಸಿಕೊಳ್ಳುತ್ತವಂತೆ.

ಅಂಗಡಿಯಲ್ಲಿ ಉಪ್ಪು ಕೇಳಲಿಕ್ಕೂ ನಾಚುವವಳು ನಾನು, ನಿಮಗೇ ಗೊತ್ತುಂಟು. ಸುಡದ ಈ ಬೆರಳು ನೋಡಲಿಕ್ಕಾದರೂ ಬಸ್ಸಿಗೆ ಬನ್ನಿ.

ಚೈತಾಲಿ